ಹೊಗೆಯ ಲೆಕ್ಕ, ಬೆಲೆಯ ಲೆಕ್ಕ

ಇಂಗ್ಲೆಂಡಿಗೆ ಬಂದ ಮೇಲೆ ನಾನು ಕೊಂಡ ಮೊದಲ ಕಾರು, 2015ರಲ್ಲಿ ನೋಂದಣಿಯಾಗಿದ್ದ ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಅದರ ನೋಂದಣಿ ಪತ್ರದಲ್ಲಿ ಬಣ್ಣ, ಎಂಜಿನ್ ಗಾತ್ರಗಳ ಜೊತೆಗೆ 99 ಎಂಬ ಅಂಕಿಯೂ ಇತ್ತು: ಕಿಲೋಮೀಟರಿಗೆ 99 ಗ್ರಾಂ ಇಂಗಾಲದ ಡೈಆಕ್ಸೈಡ್. ಅದು ನೂರನ್ನು ಮೀರದ ಕಾರಣ ಹಲವು ವರ್ಷ ನಾನು ರಸ್ತೆ ತೆರಿಗೆಯಾಗಿ ಬಿಡಿಗಾಸನ್ನೂ ಕಟ್ಟಲಿಲ್ಲ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 20 ಪೌಂಡ್ ಕಟ್ಟುತ್ತಿದ್ದೇನೆ. ಹಿಂದೆ ಕರ್ನಾಟಕದಲ್ಲಿ ಕಾರು ಕೊಂಡು ಜೀವಾವಧಿ ತೆರಿಗೆ ಕಟ್ಟಿದಾಗ ಕಾರಿನ ಬೆಲೆಯನ್ನು ಕೇಳಿದರೇ ಹೊರತು ಹೊಗೆಯನ್ನು ಯಾರೂ ಕೇಳಿರಲಿಲ್ಲ.

ಹೊಗೆಯನ್ನು ನೋಡಿ ತೆರಿಗೆ ಹಾಕುವ ಪದ್ಧತಿಯನ್ನು ಬ್ರಿಟನ್ 2001ರ ಮಾರ್ಚ್‌ನಲ್ಲಿ ತಂದಿತು. ಅದಕ್ಕೂ ಹಿಂದಿನ ಕಾರುಗಳಿಗೆ ಎಂಜಿನ್ ಗಾತ್ರವೇ ಅಳತೆಗೋಲು. 2017ರ ಏಪ್ರಿಲ್‌ನಲ್ಲಿ ನಿಯಮ ಮತ್ತೆ ಬದಲಾಯಿತು. ಅಂದಿನಿಂದ ನೋಂದಣಿಯಾಗುವ ಕಾರುಗಳಿಗೆ ಮೊದಲ ವರ್ಷ ಮಾತ್ರ ಇಂಗಾಲದ ಲೆಕ್ಕ, ಎರಡನೆಯ ವರ್ಷದಿಂದ ಪೆಟ್ರೋಲ್, ಡೀಸೆಲ್ ಕಾರುಗಳಿಗೆಲ್ಲ ಒಂದೇ ದರ. 40,000 ಪೌಂಡ್‌ಗಿಂತ ದುಬಾರಿಯಾದ ಅಂಥ ಕಾರಿಗೆ ಐದು ವರ್ಷ ಹೆಚ್ಚುವರಿ ತೆರಿಗೆಯುಂಟು. 2017ರ ಏಪ್ರಿಲ್‌ಗೆ ಮೊದಲು ನೋಂದಣಿಯಾದವುಗಳಿಗೆ ಪ್ರತಿವರ್ಷವೂ ಹಳೆಯ ಲೆಕ್ಕವೇ.

ಇದರ ಪರಿಣಾಮ ನಮ್ಮ ಬೀದಿಯಲ್ಲೇ ಕಾಣುತ್ತದೆ. ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವ ಪಕ್ಕದ ಮನೆಯಾಕೆ, ಮೂರು ಮಕ್ಕಳಿರುವ ಸಂಸಾರಕ್ಕೆಂದು 2009ರ ಏಳು ಸೀಟಿನ ಹಳೆಯ ಪೆಟ್ರೋಲ್ ಕಾರೊಂದನ್ನು ಅಗ್ಗಕ್ಕೆ ಕೊಂಡಿದ್ದಾರೆ. ಅದರ ಅಂಕಿ 226ರಿಂದ 255 ಗ್ರಾಂವರೆಗಿನ ಪಟ್ಟಿಯಲ್ಲಿರುವುದರಿಂದ ಅವರ 2025ರ ತೆರಿಗೆ 735 ಪೌಂಡ್. ಎದುರು ಮನೆಯ ಮುಂದೆ ನಿಲ್ಲುವ 2019ರ ಭಾರಿ ಎಸ್‌ಯುವಿಗೆ ದುಬಾರಿ ಕಾರಿನ ಹೆಚ್ಚುವರಿ ತೆರಿಗೆಯ ಅವಧಿಯೂ ಮುಗಿದಿದ್ದು, 2025ರ ದರದಲ್ಲಿ ಕೇವಲ 195 ಪೌಂಡ್. ಒಮ್ಮೆಗೇ ಕಟ್ಟಲಾಗದೆ ತಿಂಗಳ ಕಂತು ಆರಿಸಿಕೊಂಡವರಿಗೆ ಶೇ 5ರಷ್ಟು ಹೆಚ್ಚು ಬೀಳುತ್ತದೆ. ಆಕೆ ಅದನ್ನೂ ತೆರುತ್ತಿದ್ದಾರೆ. ವಾರಕ್ಕೆ ನಾಲ್ಕು ಸಲ ಮಾತ್ರ ಹೊರಡುವ ಆ ಕಾರು ವರ್ಷಕ್ಕೆ ನಿಜವಾಗಿ ಎಷ್ಟು ಹೊಗೆ ಬಿಟ್ಟಿತು ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಕಾರು ತಯಾರಾಗಿ ಹದಿನಾರು ವರ್ಷ ಕಳೆದ ಮೇಲೆ, ಅದನ್ನು ಹೊಸದಾಗಿ ಆರಿಸಿಕೊಳ್ಳದವರಿಂದ ಪ್ರತಿವರ್ಷ ದಂಡದಂತೆ ತೆರಿಗೆ ವಸೂಲು ಮಾಡುವುದು ನನಗೆ ನ್ಯಾಯವೆನಿಸುವುದಿಲ್ಲ.

ಇಂಗಾಲವೊಂದನ್ನೇ ನೋಡಿದ್ದರಿಂದ ಮತ್ತೊಂದು ಪೆಟ್ಟೂ ಬಿತ್ತು. ಡೀಸೆಲ್ ಕಾರು ಕಿಲೋಮೀಟರಿಗೆ ಕಡಿಮೆ ಇಂಗಾಲ ಬಿಡುವುದರಿಂದ ಜನ ಅದರ ಕಡೆಗೆ ವಾಲಿದರು. ಅದರ ನೈಟ್ರೋಜನ್ ಆಕ್ಸೈಡುಗಳು ಊರಿನ ಗಾಳಿಯನ್ನು ಕೆಡಿಸಿದವು. 2018ರಲ್ಲಿ ಸರ್ಕಾರವೇ ಹೊಸ ಡೀಸೆಲ್ ಕಾರುಗಳ ಮೊದಲ ವರ್ಷದ ತೆರಿಗೆಯನ್ನು ಏರಿಸಬೇಕಾಯಿತು.

ಆದರೆ ಮೊದಲ ವರ್ಷದ ತೆರಿಗೆಯನ್ನು ನಾನು ಮನಸಾರೆ ಒಪ್ಪುತ್ತೇನೆ. 2025ರ ದರದಲ್ಲಿ ಹೊಸ ವಿದ್ಯುತ್ ಕಾರಿಗೆ 10 ಪೌಂಡ್, 255 ಗ್ರಾಂ ಮೀರಿದ ಕಾರಿಗೆ 5,490 ಪೌಂಡ್. ಷೋರೂಮಿನಲ್ಲಿ ನಿಂತು ಇದೋ ಅದೋ ಎಂದು ಯೋಚಿಸುತ್ತಿರುವವನ ಕಣ್ಣೆದುರಿಗೇ ಈ ಅಂತರ ಇರುತ್ತದೆ, ಮನಸ್ಸು ಬದಲಾಯಿಸಲು ಅವನಿಗೆ ಆಗ ಅವಕಾಶವೂ ಇರುತ್ತದೆ.

ಕರ್ನಾಟಕದ ಜೀವಾವಧಿ ತೆರಿಗೆಯೂ ಇದೇ ಹೊತ್ತಿನಲ್ಲಿ ಬೀಳುತ್ತದೆ. ಅಳೆಯುವುದು ಮಾತ್ರ ಬೇರೆಯದನ್ನು. ಐದು ಲಕ್ಷದವರೆಗಿನ ಕಾರಿಗೆ ಶೇ 13, ಇಪ್ಪತ್ತು ಲಕ್ಷ ಮೀರಿದ್ದಕ್ಕೆ ಶೇ 18 ಎಂದು ಬೆಲೆಯ ಜೊತೆಗೇ ಏರುವ ದರವಿದು. ವಿದ್ಯುತ್ ವಾಹನಗಳಿಗೆ 2016ರಲ್ಲಿ ವಿನಾಯಿತಿ ಕೊಟ್ಟದ್ದು ಒಳ್ಳೆಯ ಹೆಜ್ಜೆ. 2024ರಲ್ಲಿ 25 ಲಕ್ಷ ಮೀರಿದವುಗಳಿಗೆ ಶೇ 10 ವಿಧಿಸಿದಾಗಲೂ ನೋಡಿದ್ದು ಬೆಲೆಯನ್ನೇ. ಕಡಿಮೆ ಇಂಧನ ಕುಡಿಯುವ ಹೈಬ್ರಿಡ್ ಕಾರು, ತನ್ನದೇ ಪೆಟ್ರೋಲ್ ಮಾದರಿಗಿಂತ ದುಬಾರಿ ಎಂಬ ಒಂದೇ ಕಾರಣಕ್ಕೆ ಹೆಚ್ಚು ತೆರಿಗೆ ತೆರಬೇಕಾಗುತ್ತದೆ.

ಹೊಗೆಯನ್ನು ಲೆಕ್ಕಕ್ಕೆ ಹಿಡಿಯುವುದು ನಮ್ಮವರಿಗೆ ಕಷ್ಟವಲ್ಲ, ಏಕೆಂದರೆ ಮೈಲೇಜ್ ಎಷ್ಟೆಂದು ವಿಚಾರಿಸದೆ ಕಾರು ಕೊಳ್ಳುವವರೇ ನಮ್ಮಲ್ಲಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 23 ಕಿಲೋಮೀಟರ್ ಕೊಡುವ ಕಾರಿನದು ನೂರು ಗ್ರಾಂ, 15 ಕೊಡುವುದರದು ನೂರೈವತ್ತಕ್ಕೂ ಮೇಲು. ಬೆಲೆಯ ಪಟ್ಟಿಯ ಪಕ್ಕದಲ್ಲಿ ಈ ಅಂಕಿಯನ್ನೂ ಇಟ್ಟು ದರ ನಿಗದಿ ಮಾಡಿದರೆ ಹೆಚ್ಚು ಹೊಗೆಯ ಕಾರನ್ನು ಹೊಸದಾಗಿ ಆರಿಸುವವನೇ ಅದರ ಹಣ ಕಟ್ಟುತ್ತಾನೆ. ಹತ್ತಾರು ವರ್ಷಗಳ ನಂತರ ಅದೇ ಕಾರನ್ನು ಕೊಳ್ಳುವ, ನನ್ನ ಪಕ್ಕದ ಮನೆಯಾಕೆಯಂಥವರಿಗೆ ವರ್ಷವರ್ಷವೂ ತೆರಿಗೆಯ ಕಾಗದ ಬರುವುದಿಲ್ಲ.