ಸೈಬೀರಿಯಾದಿಂದ ಕಲಬುರಗಿಗೆ ವರ್ಗಾವಣೆ

ಬೆಂಗಳೂರಿನಲ್ಲಿ ಕೂತ ಅಧಿಕಾರಿಗೆ ಕಲಬುರಗಿ ಅಂತ ಆರ್ಡರ್ ಬಂದರೆ ಏನು ಮಾಡುತ್ತಾನೆ ಅನ್ನೋದು ನಮಗೆಲ್ಲ ಗೊತ್ತು. ಮೊದಲು ಶಾಸಕರ ಮನೆಗೆ ಓಡುತ್ತಾನೆ. ಅಲ್ಲಿ ಆಗದಿದ್ದರೆ ಸರ್ಕಾರಿ ನೌಕರರ ನ್ಯಾಯಮಂಡಳಿ ಕೆಎಟಿಯಿಂದ ಸ್ಟೇ ತರುತ್ತಾನೆ. ಅದೂ ಆಗದಿದ್ದರೆ ಮೆಡಿಕಲ್ ಲೀವ್. ಪಾಪ, ಸೈಬೀರಿಯನ್ ಹಸ್ಕಿ ನಾಯಿಗೆ ಈ ದಾರಿ ಒಂದೂ ಗೊತ್ತಿಲ್ಲ. ತಪ್ಪಿಲ್ಲ, ನೋಟಿಸಿಲ್ಲ, ವಿಚಾರಣೆ ಇಲ್ಲ. ನೇರ ಕಲಬುರಗಿಯ ಜೇವರ್ಗಿ ಕಾಲೊನಿಗೆ ಬಂದು ಡ್ಯೂಟಿಗೆ ಹಾಜರಾಗಿದೆ. ಹಿಂದೆ ರಷ್ಯಾದ ದೊರೆಗಳು ಅಪರಾಧಿಗಳನ್ನು ಸೈಬೀರಿಯಾಕ್ಕೆ ಅಟ್ಟುತ್ತಿದ್ದರು. ಅದಕ್ಕಿಂತ ದೊಡ್ಡ ಶಿಕ್ಷೆಯೂ ಉಂಟು ಅಂತ ಅವರಿಗೆ ಹೊಳೆದಿರಲಿಲ್ಲ.

ಖರೀದಿ ಆಗೋದು ಡಿಸೆಂಬರ್‌ನಲ್ಲಿ. ಆಗ ನಮ್ಮೂರಲ್ಲೂ ಬೆಳಿಗ್ಗೆ ಸ್ವೆಟರ್ ಬೇಕು. ನೀಲಿ ಕಣ್ಣಿನ ಮರಿ ನೋಡಲು ಓಣಿಯ ಮಂದಿಯೆಲ್ಲ ಬರುತ್ತಾರೆ. "ಬರ್ಫಿನ್ ನಾಡಿಂದ್ ಅದರಿ" ಅಂತ ಮಾಲೀಕರು ಎದೆ ಉಬ್ಬಿಸುತ್ತಾರೆ. ಆಮೇಲೆ ಹೋಳಿ ಬರುತ್ತದೆ, ಅದರ ಬೆನ್ನಿಗೇ ಶರಣಬಸವೇಶ್ವರ ಜಾತ್ರೆ. ತೇರು ಎಳೆದ ಮೇಲೆ ನಮ್ಮೂರ ಬಿಸಿಲು ಯಾರ ಮಾತೂ ಕೇಳೋದಿಲ್ಲ. 42, 43 ಡಿಗ್ರಿ ಸುದ್ದಿಯೇ ಅಲ್ಲ. ಇದಕ್ಕೆ ಹೆದರಿ ಸರ್ಕಾರವೇ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಕಚೇರಿ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಇಳಿಸುತ್ತದೆ. ನಮ್ಮ ಹಸ್ಕಿ ಮಾಲೀಕರೂ ಸರ್ಕಾರಿ ನೌಕರರೇ. 1.30ಕ್ಕೆ ಎದ್ದು ಬಂದು, ಉಂಡು, ಕೂಲರ್ ಮುಂದೆ ಮಲಗಿ, 4 ಗಂಟೆಗೆ ಫ್ರೆಶ್ ಆಗಿ ನಾಯಿಯನ್ನು ವಾಕಿಂಗ್‌ಗೆ ಎಳೆಯುತ್ತಾರೆ.

ಆ ಮೆರವಣಿಗೆ ನೋಡಬೇಕು. ಮಾಲೀಕರ ಕಾಲಲ್ಲಿ ದಪ್ಪ ಸೋಲಿನ ಶೂ, ತಲೆಗೆ ಟೋಪಿ, ಕಣ್ಣಿಗೆ ಕೂಲಿಂಗ್ ಗ್ಲಾಸ್. ನಾಯಿ ಬರಿಗಾಲು. ಅಂಗೈ ಹಿಂಭಾಗವನ್ನು ಐದು ಸೆಕೆಂಡ್ ಇಡಲಾಗದ ಸಿಮೆಂಟ್ ರಸ್ತೆ. ಅದು ಒಂದೊಂದೇ ಕಾಲು ಎತ್ತಿ ಕುಣಿಯುತ್ತಾ ಬೇವಿನ ನೆರಳಿಗೆ ಜಗ್ಗುತ್ತದೆ. ಇವರು ಬಿಸಿಲಿಗೆ ಜಗ್ಗುತ್ತಾರೆ. ನೆರಳಲ್ಲಿ ರೀಲ್ಸ್ ಸರಿಯಾಗಿ ಬರೋದಿಲ್ಲ, ಅಲ್ವಾ! ನಾಲಿಗೆ ಒಂದು ಗೇಣು ಹೊರಗೆ, ಜೊಲ್ಲು ದಾರದಂತೆ ಜೋತಾಡುತ್ತಿದೆ. "ನಗ್ಲಿಕತ್ತದ ನೋಡ್ರಿ, ಭಾಳ ಖುಷಿ ಆಗ್ಯಾದ" ಅಂತ ವಿಡಿಯೊ ಮಾಡುವವನ ಕಾಮೆಂಟರಿ ಬೇರೆ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರೋದಿಲ್ಲ. ಬೆವರು ಏನಿದ್ದರೂ ಪಾದದಲ್ಲಿ. ಮೈ ತಂಪಾಗಬೇಕೆಂದರೆ ಏದುಸಿರೇ ಗತಿ. ಅದರ ಮೈ ಬಿಸಿ ಮಾಮೂಲಿಯಾಗಿ 38, 39 ಡಿಗ್ರಿ ಇರುತ್ತದೆ. 41 ದಾಟಿದರೆ ಜೀವಕ್ಕೇ ಸಂಚಕಾರ. ಒಸಡು ಕೆಂಪಾಗಿ, ಜೊಲ್ಲು ಅಂಟಾಗಿ, ನಡಿಗೆ ತೂರಾಡಿದರೆ ನೆರಳಿಗೆ ಒಯ್ದು, ಮೈ ಮೇಲೆ ನೀರು ಸುರಿದು, ಗಾಳಿ ಹಾಕಿ, ಡಾಕ್ಟರ ಹತ್ತಿರ ಓಡಬೇಕು. ನಮ್ಮವರು ಓಡಿದ್ದು ಕಟಿಂಗ್ ಶಾಪಿಗೆ. ಬೋಳಿಸಿದರೆ ತಂಪಾಗುತ್ತದೆ ಅಂತ ಯಾರೋ ಮೆಸೇಜ್ ಕಳಿಸಿದ್ದರಂತೆ. ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುತ್ತಿದ್ದ ಒಂದೇ ಛತ್ರಿಯನ್ನೂ ಬಿಚ್ಚಿಸಿಕೊಂಡು ನಾಯಿ ಮನೆಗೆ ಬಂತು. ಇಡೀ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರೋದು ಪಕ್ಕದ ಬೀದರಿನಲ್ಲಿ. ಆದರೂ ನಮ್ಮವರಿಗೆ ನಂಬಿಕೆ ಜಾಸ್ತಿ ಇರೋದು ಮೊಬೈಲಿನ ವಿಶ್ವವಿದ್ಯಾಲಯದ ಮೇಲೆ.

ಹುಟ್ಟುಹಬ್ಬಕ್ಕೆ ಮಾತ್ರ ಯಾವ ಕೊರತೆಯೂ ಇಲ್ಲ. ಸರ್ಕಲ್‌ನಲ್ಲಿ ಫ್ಲೆಕ್ಸ್: "ನಮ್ಮ ನೆಚ್ಚಿನ ಟೈಗರ್‌ಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು." ಕೆಳಗೆ ಶುಭ ಕೋರುವ ಹನ್ನೆರಡು ಮುಖ. ನಾಯಿಯ ಮುಖ ಮೂಲೆಯಲ್ಲಿ, ಸ್ಟಾಂಪ್ ಸೈಜು. ಕೇಕ್ ಚಾಕೊಲೇಟಿನದು. ಚಾಕೊಲೇಟು, ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ ಅಂತ ಹೇಳಿದೆ. "ಒಂದ್ ತುಂಡಿಗೆ ಏನಾಗ್ತದ್ರಿ?" ಅಂದರು. ಲಸಿಕೆ ಕಾರ್ಡ್ ಎಲ್ಲಿ ಅಂತ ಕೇಳಿದೆ. ಫ್ಲೆಕ್ಸಿನ ಬಿಲ್ಲು ಸಿಕ್ಕಿತು, ಕಾರ್ಡ್ ಸಿಗಲಿಲ್ಲ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಚುಚ್ಚುಮದ್ದು, ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷ ಬೂಸ್ಟರ್. ಇಷ್ಟೇ ಲೆಕ್ಕ. "ಮನ್ಯಾಗಿನ ನಾಯಿಗಿ ಯಾಕ್ರೀ? ಅದು ಬೀದಿ ನಾಯಿ ರೋಗ" ಅನ್ನೋದು ಅವರ ವಾದ. ರೋಗ ಬರುವ ಮುಂಚೆ ಮನೆ ನಂಬರ್ ಕೇಳುತ್ತದೆ ಅಂತ ಅಂದುಕೊಂಡಿದ್ದಾರೆ. ಮೊನ್ನೆ ಟೈಗರ್ ಹಲ್ಲು ತಾಗಿದ ಹುಡುಗನ ಗಾಯಕ್ಕೆ ಖಾರದ ಪುಡಿ ಒತ್ತಿದ್ದೂ ಇವರೇ. ಹದಿನೈದು ನಿಮಿಷ ಹರಿಯುವ ನೀರಲ್ಲಿ ಸೋಪು ಹಚ್ಚಿ ತೊಳೆಯಿರಿ, ಕೂಡಲೇ ಆಸ್ಪತ್ರೆಗೆ ಹೋಗಿ ಅಂದರೆ, ನೀರು ಬರೋದು ನಾಡಿದ್ದು ಅಂದರು. ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಕುಡಿಯುವ ಕೊಡ ಬಗ್ಗಿಸಿ ತೊಳೆಸಿ, ಹುಡುಗನನ್ನು ಆಸ್ಪತ್ರೆಗೆ ಕಳಿಸಿದ್ದಾಯಿತು.

ಗೇಟಿನ ಮೇಲೆ "ನಾಯಿ ಇದೆ, ಎಚ್ಚರಿಕೆ" ಅಂತ ಬೋರ್ಡು. ಹಸ್ಕಿ ಹಿಮದ ಮೇಲೆ ಜಾರುವ ಸ್ಲೆಡ್ಜ್ ಗಾಡಿ ಎಳೆಯಲು ಬೆಳೆಸಿದ ತಳಿ, ಕಾವಲಿಗಲ್ಲ. ಅಪರಿಚಿತರನ್ನು ಕಂಡರೆ ಬಾಲ ಅಲ್ಲಾಡಿಸುವುದೇ ಹೆಚ್ಚು. ಕಳ್ಳ ಬಂದರೆ ಅದೇ ಕಪಾಟು ತೋರಿಸಬಹುದು. ಮೈಲಿಗಟ್ಟಲೆ ಓಡುವ ಪ್ರಾಣಿಯನ್ನು ಆರು ಅಡಿ ಸರಪಳಿಗೆ ಕಟ್ಟಿ, ರಾತ್ರಿ ಊಳಿಟ್ಟರೆ "ಮಾತ್ ಕೇಳಾಂಗಿಲ್ಲ" ಅಂತ ಬೈಯುವುದು. ಮನೆಯಲ್ಲಿ ಅಪ್ಪ "ಸಿಟ್" ಅನ್ನುತ್ತಾರೆ, ಅಮ್ಮ "ಕುಂದ್ರು" ಅನ್ನುತ್ತಾರೆ, ಮಗ "ಬೈಠ್" ಅನ್ನುತ್ತಾನೆ. ಅದು ಯಾರ ಮಾತು ಕೇಳಬೇಕು?

ಕಡುಬಿಸಿಲಲ್ಲಿ ಬದುಕುವುದು ಗೊತ್ತಿರುವ ನಾಯಿ ಬೇಕಿದ್ದರೆ ಬಾಗಲಕೋಟೆ ಜಿಲ್ಲೆಯ ಮುಧೋಳದ್ದಿದೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿದೆ. ಅದಕ್ಕೂ ಓಡಲು ಜಾಗ ಬೇಕು ಅನ್ನೋದು ಬೇರೆ ಮಾತು. ಆದರೆ ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ಕಲಂ ಬಾಗಲಕೋಟೆಗೆ ಅನ್ವಯಿಸೋದಿಲ್ಲ. ಸ್ಥಳೀಯ ಅಭ್ಯರ್ಥಿಯೇ ಬೇಕೆಂದರೆ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಬೀದಿ ಮರಿಯೇ ಸೈ. ಬಿಸಿಲಿನ ಸರ್ಟಿಫಿಕೇಟು ಅದಕ್ಕೆ ಹುಟ್ಟುತ್ತಲೇ ಸಿಕ್ಕಿರುತ್ತದೆ. ಲಸಿಕೆ ಹಾಕಿಸಿ ರೊಟ್ಟಿಯ ಜೊತೆ ಎರಡು ಮೊಟ್ಟೆ ಹಾಕಿದರೆ ಸಾಕು, ಋಣ ಮರೆಯೋದಿಲ್ಲ. ಏನು ಮಾಡೋದು, ಅದರ ಜೊತೆ ರೀಲ್ಸ್ ಮಾಡಿದರೆ ಲೈಕ್ ಬರೋದಿಲ್ಲವಂತೆ.

ಜೂನ್ ಹೊತ್ತಿಗೆ ಮಾಲೀಕರ ಸ್ಟೇಟಸ್ ಬದಲಾಯಿತು: "ಹಸ್ಕಿ ಕೊಡುವುದಿದೆ, ಬೇಕಾದವರು ಫೋನ್ ಮಾಡಿ." ಈಗ ಸೇಂಟ್ ಬರ್ನಾರ್ಡ್ ಬುಕ್ ಮಾಡಿದ್ದಾರೆ. ಆಲ್ಪ್ಸ್ ಪರ್ವತದ ಹಿಮದಲ್ಲಿ ಕಳೆದುಹೋದವರನ್ನು ಹುಡುಕುತ್ತಿದ್ದ ತಳಿ ಅದು. ಅಷ್ಟು ದೊಡ್ಡ ನಾಯಿಯನ್ನು ಎಲ್ಲಿ ಇಡ್ತೀರಿ ಅಂದರೆ, ವ್ಯವಸ್ಥೆ ಆಗಿದೆ ಅಂದರು. ಟೆರೇಸ್ ಮೇಲೆ ರೂಮು ಕಟ್ಟಿಸಿದ್ದಾರಂತೆ. ಮೇಲೆ ತಗಡು ಹೊದಿಸಿದ್ದಾರಂತೆ.