ಎರಡು ದಿನದ ಶಿಬಿರ ಸಾಲದು

ಫಿಸಿಯೋಥೆರಪಿ ಓದಿದವರು ಎರಡು ದಿನದ ತರಬೇತಿ ಶಿಬಿರ ಮುಗಿಸಿದರೆ ಕೈರೋಪ್ರಾಕ್ಟಿಕ್, ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸೆ, ಮಾಡಬಹುದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲು ಆಗುವುದಿಲ್ಲ. ನಾನೂ ತೀರ್ಥಹಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್. ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿ ಹೊಸಬರಿಗೆ 4200 ಗಂಟೆ ತರಬೇತಿ ಹೇಳುತ್ತದೆ. ಮೊದಲೇ ವೈದ್ಯಕೀಯ ತರಬೇತಿ ಇರುವವರಿಗೂ ಪೂರ್ಣ ಕೈರೋಪ್ರಾಕ್ಟರ್ ಆಗಲು ಕನಿಷ್ಠ 2200 ಗಂಟೆ, ಅಂದರೆ ಎರಡು ಮೂರು ವರ್ಷ. ಅದರಲ್ಲಿ 1000 ಗಂಟೆ ಹಿರಿಯರ ಕಣ್ಣೆದುರು ರೋಗಿಗಳನ್ನು ನೋಡಬೇಕು. ಓದಿದವರಿಗೆ ರಿಯಾಯಿತಿ ಇದೆ, ನಿಜ. ಆದರೆ ಎರಡು ದಿನಕ್ಕೆ ಇಳಿಯುವಷ್ಟಲ್ಲ.

ನೆಟಿಗೆ ತೆಗೆಯುವುದು ಕೈಗೆ ಬೇಗ ಹತ್ತೀತು. ಯಾರಿಗೆ ತೆಗೆಯಬಾರದು ಅಂತ ಗೊತ್ತಾಗಲು ಕಾಲ ಬೇಕು, ಅಲ್ವಾ? ಕಳೆದ ವರ್ಷ ಅಡಿಕೆ ಮರ ಹತ್ತಿ ಕೆಲಸ ಮಾಡುವ ಕೊನೆಗಾರರೊಬ್ಬರು ಸೊಂಟ ಹಿಡಿದುಕೊಂಡು ಬಂದರು. ಅಷ್ಟರಲ್ಲಿ ಬೇರೆ ಕಡೆ ಎರಡು ಸಲ ನೆಟಿಗೆ ತೆಗೆಸಿ ನೋವು ಜಾಸ್ತಿಯಾಗಿತ್ತು. ಮಳೆಗಾಲದಲ್ಲಿ ಔಷಧಿ ಹೊಡೆಯುವಾಗ ಅಡಿಕೆ ಮರದಿಂದ ಜಾರಿ ಬಿದ್ದಿದ್ದರು. ಅದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಬೆನ್ನುಮೂಳೆಯ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿದೆ, ಉಸಿರು ಬಿಗಿ ಹಿಡಿದರು. ಶಿವಮೊಗ್ಗಕ್ಕೆ ಕಳಿಸಿ ಎಕ್ಸ್‌ರೇ ತೆಗೆಸಿದರೆ ಒಂದು ಮೂಳೆ ಕುಸಿದಿತ್ತು.

ದಯವಿಟ್ಟು ಆ ಸಾಲು ತಿದ್ದಿ. ಓದು ಮುಗಿಸಿ ಬರುವ ಹುಡುಗರು ಅದನ್ನೇ ನಂಬಿ ಫೀಸು ಕಟ್ಟುತ್ತಾರೆ.