ಗೊತ್ತಿಲ್ಲದ ಒಡಹುಟ್ಟಿದವರನ್ನು ಹುಡುಕುವಾಗ ನಡುವೆ ಒಬ್ಬರು ಇರಲಿ

ಇಂಗ್ಲೆಂಡಿನಲ್ಲಿ ಯಾರ ಜನನ ಪ್ರಮಾಣಪತ್ರವನ್ನಾದರೂ ಯಾರು ಬೇಕಾದರೂ ಹಣ ಕಟ್ಟಿ ತರಿಸಿಕೊಳ್ಳಬಹುದು. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಇದನ್ನು ನಂಬಲು ಕಷ್ಟವಾಯಿತು. 1837ರ ಜುಲೈನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನನ, ಮದುವೆ, ಸಾವುಗಳಿಗೆ ಎಲ್ಲರೂ ನೋಡಬಹುದಾದ ಸೂಚಿ ಇದೆ. 1911ರ ನಂತರದ ಜನನಗಳ ಸೂಚಿಯಲ್ಲಿ ತಾಯಿಯ ತವರಿನ ಅಡ್ಡಹೆಸರೂ ಇರುತ್ತದೆ. ಒಡಹುಟ್ಟಿದವರನ್ನು ಹುಡುಕುವವರಿಗೆ ಈ ಒಂದು ಕಾಲಂ ಬಹಳ ದೊಡ್ಡ ಆಸರೆ. ತಂದೆಯ ಅಡ್ಡಹೆಸರು, ತಾಯಿಯ ಅಡ್ಡಹೆಸರು ಎರಡನ್ನೂ ಕೂಡಿಸಿ ಹುಡುಕಿದರೆ ಆ ದಂಪತಿಯ ಮಕ್ಕಳ ಹೆಸರು ಸಾಲಾಗಿ ಸಿಗುತ್ತವೆ. ತಂದೆಗೆ ಇನ್ನೊಂದು ಮದುವೆ ಆಗಿದ್ದರೆ, ಮದುವೆಯ ಸೂಚಿಯಿಂದ ಆ ಹೆಂಡತಿಯ ಹೆಸರು ತೆಗೆದು ಮತ್ತೆ ಅದೇ ರೀತಿ ನೋಡಬಹುದು. ಮರಣ ಪತ್ರದಲ್ಲಿ ಸಾವನ್ನು ಬರೆಸಿದವರ ಹೆಸರಿರುತ್ತದೆ. ಎಷ್ಟೋ ಸಲ ಅದು ಮಗನದೋ ಮಗಳದೋ ಆಗಿರುತ್ತದೆ. ಪ್ರೊಬೇಟ್ ಆದ, ಅಂದರೆ ಕೋರ್ಟು ದೃಢಪಡಿಸಿದ ಉಯಿಲುಗಳೂ 1858ರಿಂದ ಸಾರ್ವಜನಿಕ ದಾಖಲೆ.

ನಮ್ಮಲ್ಲಿ ಹೀಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ದಾಖಲೆ ಹುಡುಕಿಸುವ ಅವಕಾಶವೇನೋ ಇದೆ. ಆದರೆ ಎಲ್ಲಿ, ಯಾವಾಗ ಹುಟ್ಟಿದ್ದು ಅಂತ ಮೊದಲೇ ಗೊತ್ತಿರಬೇಕು. ಅದೇ ಗೊತ್ತಿದ್ದರೆ ಹುಡುಕುವ ಕಷ್ಟ ಅರ್ಧ ಮುಗಿದ ಹಾಗೆ, ಅಲ್ವಾ? ಕರ್ನಾಟಕದಲ್ಲಿ ಸಂಬಂಧಗಳು ನಿಜವಾಗಿ ಬರಹಕ್ಕೆ ಬರುವುದು ಆಸ್ತಿಯ ಕಾಗದಗಳಲ್ಲಿ. ಪಹಣಿಯಲ್ಲಿ ಜಂಟಿ ಹೆಸರುಗಳಿರುತ್ತವೆ. ಪೌತಿ ಖಾತೆ ಮಾಡಿಸಲು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸಲು, ವಂಶವೃಕ್ಷ ಬೇಕು, ಅದರಲ್ಲಿ ತೀರಿಕೊಂಡವರ ಎಲ್ಲ ಮಕ್ಕಳ ಹೆಸರೂ ಬರಬೇಕು. ಭೂಮಿ ಇಲ್ಲದ ಮನೆಗಳಿಗೆ ಈ ದಾರಿಯೂ ಇಲ್ಲ.

ನಮ್ಮ ತಂದೆಗೆ ಮೊದಲ ಮದುವೆಯಲ್ಲಿ ಒಬ್ಬ ಮಗಳಿದ್ದಾರೆ ಎಂದು ನನಗೆ ಗೊತ್ತಾದದ್ದು ಹಾಗೆಯೇ, ತಂದೆ ಹೋದ ಮೇಲೆ ವಂಶವೃಕ್ಷ ಬರೆಸುವಾಗ. ಹಿರಿಯರಿಗೆಲ್ಲ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅದಕ್ಕೆ ಯಾರೂ ಹೇಳಿರಲಿಲ್ಲ. ಕಾಗದದಲ್ಲಿ ಸಿಗದ್ದು ಜನರ ನೆನಪಿನಲ್ಲಿ ಇರುತ್ತದೆ. ಇಲ್ಲಿ ನನಗೆ ಪರಿಚಯವಾದ, ಇಂಥ ಹುಡುಕಾಟದಲ್ಲಿರುವ ಅನೇಕರಿಗೆ ಆ ಭಾಗ್ಯವೇ ಇಲ್ಲ. ಕೇಳೋಣ ಎಂದರೆ ದೊಡ್ಡಪ್ಪ, ಚಿಕ್ಕಮ್ಮ ಯಾರೂ ಹತ್ತಿರ ಇಲ್ಲ. ಹಾಗಾಗಿ ಅವರು ನೇರವಾಗಿ ಡಿಎನ್‌ಎ ಕಿಟ್‌ಗೆ, ಅಂದರೆ ಕಂಪನಿಗೆ ಎಂಜಲಿನ ಮಾದರಿ ಕಳಿಸಿ ರಕ್ತಸಂಬಂಧಿಗಳನ್ನು ಹುಡುಕುವ ಪರೀಕ್ಷೆಗೆ ಹೋಗುತ್ತಾರೆ.

ಅಕ್ಕನ ಹತ್ತಿರ ನಾನು ನೇರವಾಗಿ ಹೋಗಲಿಲ್ಲ. ತಂದೆಯ ತಂಗಿ, ನಮ್ಮ ಅತ್ತೆ, ಮೊದಲು ಹೋಗಿ ಮಾತಾಡಿದರು. ಅಕ್ಕ ಕೂಡಲೇ ಒಪ್ಪಲಿಲ್ಲ. 'ಈಗ ಯಾಕೆ ಬರ್ತಿದ್ದಾರೆ' ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಪ್ರಶ್ನೆಯನ್ನು ಅತ್ತೆಯ ಮುಂದೆ ಕೇಳುವುದು ಅವರಿಗೆ ಸುಲಭ. ನನ್ನ ಮುಖ ನೋಡಿ ಕೇಳಲು ಆಗುತ್ತಿರಲಿಲ್ಲ. ಒಪ್ಪಿಕೊಳ್ಳಲು ಬೇಕಾದಷ್ಟು ಸಮಯವೂ ಅವರಿಗೆ ಸಿಕ್ಕಿತು.

ಆಸ್ತಿಯ ಹೆದರಿಕೆ ಎರಡೂ ಕಡೆ ಇರುತ್ತದೆ. ಅದು ಸುಮ್ನೆ ಹುಟ್ಟಿದ ಹೆದರಿಕೆ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ತಂದೆಯ ಮಕ್ಕಳೆಲ್ಲ, ತಾಯಿ ಯಾರೇ ಆಗಿರಲಿ, ಮೊದಲ ವರ್ಗದ ವಾರಸುದಾರರು, ಅಂದರೆ ಆಸ್ತಿ ಮೊದಲು ಸೇರುವುದು ಇವರಿಗೆ. ಕಾನೂನಿನಲ್ಲಿ ನಿಲ್ಲದ ಮದುವೆಯಿಂದ ಹುಟ್ಟಿದ ಮಕ್ಕಳಿಗೂ ಹಿಂದೂ ಅವಿಭಕ್ತ ಕುಟುಂಬದಲ್ಲಿ ತಂದೆ ತಾಯಿಯ ಪಾಲಿಗೆ ಬರುವ ಆಸ್ತಿಯಲ್ಲಿ ಹಕ್ಕಿದೆ ಎಂದು 2023ರ ಸೆಪ್ಟೆಂಬರ್ 1ರಂದು ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಮಟ್ಟಿಗೆ ಇದು ನ್ಯಾಯವಾದ ತೀರ್ಪು. ಹಕ್ಕು ಇರುವುದು ನಿಜವಾದ್ದರಿಂದ, ಬಂದವರು ಯಾಕೆ ಬಂದಿದ್ದಾರೆ ಎಂಬುದನ್ನು ಮೊದಲ ಮಾತಿನಲ್ಲೇ ಬಿಡಿಸಿ ಹೇಳುವುದು ಒಳ್ಳೆಯದು. ಪಾಲು ಕೇಳಲು ಬಂದಿದ್ದರೆ ಹಾಗೆಂದೇ ಹೇಳಬೇಕು. ಮುಖ ನೋಡಲು ಬಂದಿದ್ದರೆ ಅದನ್ನು ಹೇಳಬೇಕು.

ನಮ್ಮ ಮನೆಯಲ್ಲಿ ಅತ್ತೆ ಮಾಡಿದ ಕೆಲಸವನ್ನು ಇಲ್ಲಿ ಕಾನೂನೇ ಒಂದು ವ್ಯವಸ್ಥೆಯಾಗಿ ಮಾಡಿದೆ. ದತ್ತು ಹೋದವರು 18 ತುಂಬಿದ ಮೇಲೆ ತಮ್ಮ ಮೂಲ ಜನನ ದಾಖಲೆ ನೋಡುವ ಹಕ್ಕು ಇಂಗ್ಲೆಂಡ್‌ನಲ್ಲಿ 1975ರ ಕಾಯ್ದೆಯಿಂದ ಬಂತು. 1991ರಿಂದ ದತ್ತು ಸಂಪರ್ಕ ನೋಂದಣಿ ಪುಸ್ತಕ ಇದೆ. ದತ್ತು ಹೋದವರು ಒಂದು ಭಾಗದಲ್ಲಿ, ರಕ್ತಸಂಬಂಧಿಗಳು ಇನ್ನೊಂದು ಭಾಗದಲ್ಲಿ ಹೆಸರು ಬರೆಸುತ್ತಾರೆ. ಎರಡೂ ಕಡೆ ಹೊಂದಿಕೆಯಾದರೆ ಸುದ್ದಿ ಬರುತ್ತದೆ. 2005ರ ಡಿಸೆಂಬರ್ 30ರಿಂದ ಹೆತ್ತ ತಾಯಿಯೋ ಒಡಹುಟ್ಟಿದವರೋ ದತ್ತು ಹೋದವರನ್ನು ನೋಂದಾಯಿತ ಮಧ್ಯವರ್ತಿ ಸಂಸ್ಥೆಯ ಮೂಲಕ ಹುಡುಕಿಸಬಹುದು. ಸಂಸ್ಥೆಗೆ ಆ ವ್ಯಕ್ತಿ ಸಿಕ್ಕರೂ ಅವರು ಒಪ್ಪದೆ ಹೆಸರು, ವಿಳಾಸ ಹುಡುಕಿದವರಿಗೆ ಸಿಗುವುದಿಲ್ಲ. ನನ್ನನ್ನು ಸಂಪರ್ಕಿಸಲೇಬೇಡಿ ಎಂದು ದತ್ತು ಹೋದವರು ಮೊದಲೇ ಬರೆಸಿಡಬಹುದು. ಇಂಥ ಕಾರಣವಿದ್ದರೆ ಮಾತ್ರ ಬನ್ನಿ ಎಂದೂ ಬರೆಸಬಹುದು. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಈ ಕೊನೆಯದು.

ಭಾರತದಲ್ಲಿ 2022ರ ದತ್ತು ನಿಯಮಗಳಲ್ಲಿ ಮೂಲ ಹುಡುಕುವ ಅವಕಾಶ ಇದೆ. 18 ದಾಟಿದವರು ತಾವೇ ಅರ್ಜಿ ಹಾಕಬಹುದು. ಅವರ ಪರವಾಗಿ ಮೂರನೆಯವರು ಹುಡುಕುವಂತಿಲ್ಲ. ಮಗುವಿನ ಹಕ್ಕು ಹೆತ್ತವರ ಗೋಪ್ಯತೆಯನ್ನು ಮೀರುವಂತಿಲ್ಲ ಎಂದೂ ಹೇಳಿದೆ. ಹೆತ್ತವರ ಗುಟ್ಟು ಕಾಪಾಡಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮದುವೆಗೆ ಮುಂಚೆ ಹೆತ್ತು ಮಗುವನ್ನು ಬಿಟ್ಟುಕೊಟ್ಟ ಹೆಣ್ಣುಮಗಳ ಬಾಗಿಲಿಗೆ ಯಾರೋ ಇದ್ದಕ್ಕಿದ್ದಂತೆ ಬಂದು ನಿಂತರೆ ಅವಳ ಬದುಕೇ ಕೆಡಬಹುದು. ಆದರೆ ಸಿಗಲಿ ಎಂದು ಕಾಯುತ್ತಿರುವ ತಾಯಿಯೂ ಇದ್ದಾಳೆ. ನನ್ನ ತಂಗಿಯನ್ನು ಕೊಟ್ಟುಬಿಟ್ಟರಂತೆ, ಅವಳು ಬಂದರೆ ಸಾಕು ಎನ್ನುವ ಅಣ್ಣನೂ ಇದ್ದಾನೆ. ಅವರು ತಮ್ಮ ಒಪ್ಪಿಗೆಯನ್ನು ಎಲ್ಲಿ ಬರೆಸಿಡಬೇಕು? ಈ ನಿಯಮಗಳಲ್ಲಿ ಅಂಥ ಪುಸ್ತಕವಿಲ್ಲ.

ಡಿಎನ್‌ಎ ಬಂದ ಮೇಲೆ ಇದಕ್ಕೆಲ್ಲ ಕೆಲಸವಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಂದೆ ಮಾತ್ರ ಅಥವಾ ತಾಯಿ ಮಾತ್ರ ಒಬ್ಬರೇ ಆಗಿದ್ದು, ಇನ್ನೊಬ್ಬರು ಬೇರೆಯಾಗಿರುವ ಒಡಹುಟ್ಟಿದವರ ನಡುವೆ ಸುಮಾರು ಶೇಕಡ 25ರಷ್ಟು ಡಿಎನ್‌ಎ ಒಂದೇ ಇರುತ್ತದೆ. ಅಜ್ಜ ಮೊಮ್ಮಗನಿಗೂ ಅಷ್ಟೇ. ಸ್ವಂತ ಚಿಕ್ಕಪ್ಪ, ಸೋದರಮಾವನ ಜೊತೆಗೂ ಅಷ್ಟೇ. ಬರೀ ಆ ಅಂಕಿ ನೋಡಿ ಅಣ್ಣ ಸಿಕ್ಕ ಎಂದು ಹೇಳುವ ಹಾಗಿಲ್ಲ. ವಯಸ್ಸು ನೋಡಬೇಕು. ಇಬ್ಬರಿಗೂ ಹೊಂದುವ ಬೇರೆ ನೆಂಟರು ಯಾರು ಎಂದು ನೋಡಬೇಕು. ಒಬ್ಬನೇ ತಂದೆಯ ಹೆಣ್ಣುಮಕ್ಕಳಾದರೆ ತಂದೆಯಿಂದ ಬಂದ ಎಕ್ಸ್ ಕ್ರೋಮೋಸೋಮ್ (ಡಿಎನ್‌ಎ ಇರುವ ಎಳೆಗಳಲ್ಲಿ ಒಂದು) ಪೂರ್ತಿ ಒಂದೇ ಇರಬೇಕು, ಇದು ಒಳ್ಳೆಯ ಗುರುತು. ಹತ್ತಿರದ ನೆಂಟರಲ್ಲೇ ಮದುವೆ ಆಗುತ್ತಾ ಬಂದ ಕುಟುಂಬಗಳಲ್ಲಿ ದೂರದವರೂ ಹತ್ತಿರದವರಂತೆ ಕಾಣಿಸುತ್ತಾರೆ. ನಮ್ಮವರು ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಇನ್ನು, ಡಿಎನ್‌ಎ ಪರೀಕ್ಷೆ ಮಾಡುವ ಕಂಪನಿಗಳ ಪಟ್ಟಿಯಲ್ಲಿ ಇರುವವರು ಹೆಚ್ಚಾಗಿ ಯುರೋಪ್ ಮೂಲದವರು. ಭಾರತದವರಿಗೆ ಬರೀ ದೂರದ ಸಂಬಂಧಿಗಳೇ ಸಿಗುವುದು ಸಾಮಾನ್ಯ.

ಕಿಟ್‌ನಲ್ಲಿ ನಡುವಿನವರು ಯಾರೂ ಇಲ್ಲ. ಒಂದು ಬೆಳಿಗ್ಗೆ ಫೋನ್ ತೆರೆದರೆ ಗೊತ್ತಿಲ್ಲದವರೊಬ್ಬರು ನಿಮ್ಮ ಒಡಹುಟ್ಟಿದವರು ಎಂದು ಬಂದಿರುತ್ತದೆ. ನಿಮ್ಮ ತಾಯಿಗೆ ಅದನ್ನು ಹೇಗೆ ಹೇಳುವುದು ಎಂದು ಯಾರೂ ಹೇಳಿಕೊಡುವುದಿಲ್ಲ. 2023ರಲ್ಲಿ 23ಆಂಡ್‌ಮಿ ಎಂಬ ಅಮೆರಿಕದ ಡಿಎನ್‌ಎ ಪರೀಕ್ಷೆ ಕಂಪನಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಹೋಯಿತು. ಸಂಬಂಧಿಕರನ್ನು ತೋರಿಸು ಎಂದು ಒಪ್ಪಿಗೆ ಕೊಟ್ಟಿದ್ದೇ ಅದರಲ್ಲಿ ಬಹುಪಾಲು ಜನರ ಮಾಹಿತಿ ಹೊರಬೀಳಲು ದಾರಿಯಾಯಿತು. 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು.

ದಾನಿಯ ವೀರ್ಯ ಅಥವಾ ಅಂಡಾಣುವಿನಿಂದ ಹುಟ್ಟಿದವರ ವಿಷಯದಲ್ಲಿ ನಮ್ಮ ಕಾನೂನಿನ ಒಂದು ಅಂಶ ನನಗೆ ಹೆಚ್ಚು ಸರಿ ಎನಿಸುತ್ತದೆ. ಭಾರತದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಪ್ರಕಾರ ಒಬ್ಬ ದಾನಿಯಿಂದ ಬಂದದ್ದನ್ನು ಒಂದೇ ದಂಪತಿಗೆ ಕೊಡಬೇಕು. ಬ್ರಿಟನ್ನಿನಲ್ಲಿ ಹತ್ತು ಕುಟುಂಬಗಳವರೆಗೆ ಕೊಡಬಹುದು. ಆದರೆ ಬ್ರಿಟನ್ನಿನಲ್ಲಿ 2005ರ ಏಪ್ರಿಲ್ 1ರ ನಂತರ ನೋಂದಾಯಿಸಿದ ದಾನಿಯ ಹೆಸರನ್ನು ಮಗು 18ಕ್ಕೆ ಕೇಳಿ ಪಡೆಯಬಹುದು. ಅದೇ ದಾನಿಯಿಂದ ಹುಟ್ಟಿದವರು ಇಬ್ಬರೂ ಒಪ್ಪಿದರೆ ಪರಿಚಯ ಮಾಡಿಸುವ ಸರ್ಕಾರಿ ವ್ಯವಸ್ಥೆಯೂ ಇದೆ. ನಮ್ಮ ಕಾಯ್ದೆ ಮಗುವಿಗೆ ಆ ಹಕ್ಕು ಕೊಟ್ಟಿಲ್ಲ.

ಇಂಗ್ಲೆಂಡಿನಂತೆ ಎಲ್ಲ ದಾಖಲೆಯನ್ನೂ ತೆರೆದಿಡಿ ಎಂದು ನಾನು ಕೇಳುವುದಿಲ್ಲ. ಒಂದು ಒಪ್ಪಿಗೆಯ ಪುಸ್ತಕ ಬೇಕು. ದತ್ತು ಪ್ರಾಧಿಕಾರವೇ ಇದನ್ನು ಇಡಬಹುದು. ಹೆತ್ತವರು, ಒಡಹುಟ್ಟಿದವರು, ದತ್ತು ಹೋದವರು ತಮ್ಮಷ್ಟಕ್ಕೆ ಬಂದು ಬರೆಸಲಿ. ಎರಡು ಕಡೆಯಿಂದ ಹೆಸರು ಹೊಂದಿದಾಗ ಮಾತ್ರ ಅನುಭವವಿರುವ ಒಬ್ಬರು ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಲಿ. ಭೇಟಿ ಬೇಡ, ಆದರೆ ನಮ್ಮ ಮನೆಯಲ್ಲಿ ಇಂಥ ಕಾಯಿಲೆ ಇದೆ ಎಂದಷ್ಟು ತಿಳಿಸಿ ಎಂದು ಬರೆಸಲೂ ಆ ಅರ್ಜಿಯಲ್ಲಿ ಜಾಗ ಇರಲಿ.